ಮೋರಿ ಮೇಡಂ ಮೂಗು

ಸೇತುವೆ ಕಟ್ಟಬಹುದಿತ್ತು, ಅಣೆಕಟ್ಟು ಕಟ್ಟಬಹುದಿತ್ತು. ಎಂಜಿನಿಯರಿಂಗ್ ಓದಿದ ಸೊಸೆ ಹೋಗಿ ಹೋಗಿ ಚರಂಡಿ ನೀರಿಗೆ ಕೈ ಹಾಕಿದಳಲ್ಲ ಎಂದು ಅತ್ತೆ ಮೂಗು ಮುರಿದಿದ್ದರು.

"ಯಾರಾದ್ರೂ ಕೇಳಿದ್ರೆ ಏನಂತ ಹೇಳ್ಲಮ್ಮಾ?"

"ಮೋರಿ ತೊಳೀತಾಳೆ ಅನ್ನಿ ಅತ್ತೆ. ಅದಕ್ಕೆ ಸಂಬಳಾನೂ ಕೊಡ್ತಾರೆ ಅಂತ ಸೇರಿಸಿ."

ಆ ಬಾಯಿಗೆ ಅತ್ತೆಯೇ ಸೋತರು. ಮುಂದೆ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಲು ಸೇರಿದಾಗ ಹುಡುಗರು ಹಿಂದಿನಿಂದ 'ಮೋರಿ ಮೇಡಂ' ಎಂದು ಹೆಸರಿಟ್ಟರು. ಮೇಡಂ ಬೇಸರ ಮಾಡಿಕೊಳ್ಳಲಿಲ್ಲ. ಹೆಸರಿನಲ್ಲಿ ಸುಳ್ಳೇನಿದೆ?

ಕೊಳಚೆ ನೀರು ಶುದ್ಧೀಕರಿಸುವ ಯಾವ ಘಟಕಕ್ಕೆ ಹೋದರೂ ಮೇಡಂ ಮೊದಲು ಮಾಡುತ್ತಿದ್ದದ್ದು ಒಂದೇ ಕೆಲಸ. ತೊಟ್ಟಿಯಿಂದ ಒಂದು ಗಾಜಿನ ಲೋಟ ನೀರು ಎತ್ತಿಸಿ, ಕಣ್ಣು ಮುಚ್ಚಿ ಮೂಸಿ ನೋಡುವುದು. ಒದ್ದೆ ಮಣ್ಣಿನ ವಾಸನೆ ಬಂದರೆ ಕೊಳಕು ತಿನ್ನುವ ಬ್ಯಾಕ್ಟೀರಿಯಾ ಹೊಟ್ಟೆ ತುಂಬ ಉಂಡು ಆರಾಮಾಗಿವೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿಯಿಲ್ಲದೆ ಸಾಯುತ್ತಿವೆ. ಲ್ಯಾಬಿನ ವರದಿ ಬರುವ ಹೊತ್ತಿಗೆ ಮೇಡಂ ರೋಗ ಹೇಳಿ, ಮದ್ದು ಹೇಳಿ, ಮನೆಗೆ ಬಂದು ಕಾಲು ಚಾಚಿ ಕೂತಿರುತ್ತಿದ್ದರು. ಹಾಗಂತ ಶಿಷ್ಯರು ತೆಪ್ಪಗಿರುತ್ತಿದ್ದರೇ? "ಇಲ್ಲ ಮೇಡಂ, ನಿಮಗೆ ನೆಗಡಿ, ಇದು ಕೆಟ್ಟಿದೆ" ಎಂದು ಜಗಳಕ್ಕೇ ನಿಲ್ಲುತ್ತಿದ್ದರು. ಮೇಡಂ ರೇಗುತ್ತಿದ್ದರು, ಕೂಗಾಡುತ್ತಿದ್ದರು. ಸೋತ ದಿನ ಎಲ್ಲರಿಗೂ ಟೀ ಕುಡಿಸುತ್ತಿದ್ದರು.

ಹೀಗೇ ವಿಭಾಗದ ಮುಖ್ಯಸ್ಥೆಯಾದರು, ಆಮೇಲೆ ಡೀನ್ ಆದರು, ಕೊನೆಗೆ ಕುಲಪತಿಯೇ ಆದರು. ದೊಡ್ಡ ಕೋಣೆ, ಅದಕ್ಕಿಂತ ದೊಡ್ಡ ಮೇಜು, ಒಳಗೆ ಕಾಲಿಟ್ಟರೆ ಸಾಕು, ಕೂತವರೆಲ್ಲ ಎದ್ದು ನಿಲ್ಲುವವರೇ. ಮೊದಮೊದಲು ಮೇಡಂಗೆ ನಾಚಿಕೆಯಾಗುತ್ತಿತ್ತು. ಆಮೇಲೆ ರೂಢಿಯಾಯಿತು. ಅಯ್ಯೋ, ಯಾರಿಗೆ ರೂಢಿಯಾಗುವುದಿಲ್ಲ ಹೇಳಿ!

ಆ ಹೊತ್ತಿಗೇ ಒಂದು ಕೆಟ್ಟ ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ಮೂಗಿನ ವಾಸನೆ ಹಿಡಿಯುವ ಶಕ್ತಿಯನ್ನೂ ಹೊತ್ತುಕೊಂಡು ಹೋಯಿತು. ಹೂವೂ ಅಷ್ಟೇ, ಫಿನಾಯಿಲೂ ಅಷ್ಟೇ. "ಬಂದ್ರೂ ಬರಬಹುದು, ಬರದೇನೂ ಇರಬಹುದು" ಎಂದರು ಡಾಕ್ಟರು. ಮೇಡಂ ಯಾರಿಗೂ ಬಾಯಿ ಬಿಡಲಿಲ್ಲ, ಗಂಡನಿಗೂ ಹೇಳಲಿಲ್ಲ. ಇಷ್ಟು ವರ್ಷದ ಹೆಸರು ನಿಂತದ್ದೇ ಆ ಮೂಗಿನ ಮೇಲೆ. ಅದು ಸತ್ತಿತೆಂದು ತಿಳಿದರೆ ತನ್ನ ಮಾತಿಗೆ ಇನ್ಯಾರು ಬೆಲೆ ಕೊಟ್ಟಾರು ಎಂಬ ಭಯ ಒಳಗೊಳಗೇ ಕೊರೆಯುತ್ತಿತ್ತು.

ವಿಶ್ವವಿದ್ಯಾಲಯದ ಆವರಣದಲ್ಲೇ ಹೊಸ ಶುದ್ಧೀಕರಣ ಘಟಕ ಸಿದ್ಧವಾಯಿತು. ಶುದ್ಧವಾದ ನೀರು ಇಳಿಜಾರಿನ ಕೆಳಗಿನ ಕೊಳಕ್ಕೆ ಹೋಗಬೇಕು. ಆ ಕೊಳದಲ್ಲಿ ಒಬ್ಬ ಹೆಂಗಸು ಮೀನು ಸಾಕುತ್ತಿದ್ದಳು. ಎಲ್ಲರ ಬಾಯಲ್ಲೂ ಅವಳು ಮೀನಕ್ಕ. ಅವಳ ಅನ್ನವೆಂದರೆ ಆ ಕೊಳ, ಅಷ್ಟೇ.

ಉದ್ಘಾಟನೆಯ ದಿನ ಅತಿಥಿಗಳು, ಫೋಟೊದವರು, ಶಾಮಿಯಾನ. ಘಟಕದ ಹೊಣೆ ಹೊತ್ತ ಎಂಜಿನಿಯರ್ ಮೇಡಂ ಅವರ ಹಳೆಯ ಶಿಷ್ಯ. ಹಿಂದೆ ಟೀಗಾಗಿ ಎಲ್ಲರಿಗಿಂತ ಹೆಚ್ಚು ಜಗಳವಾಡುತ್ತಿದ್ದವನೇ ಅವನು. ಲೋಟ ತುಂಬಿ ತಂದು ಎರಡೂ ಕೈಯಲ್ಲಿ ಕೊಟ್ಟ. ಮೇಡಂ ಮೂಸಿದರು. ಏನೂ ಇಲ್ಲ. ಎಲ್ಲರ ಕಣ್ಣೂ ತಮ್ಮ ಮೇಲೇ ಇದೆ.

"ಒದ್ದೆ ಮಣ್ಣಿನ ವಾಸನೆ! ಚೆನ್ನಾಗಿದೆ," ಎಂದುಬಿಟ್ಟರು.

ಚಪ್ಪಾಳೆ ಬಿತ್ತು. ಕುಲಪತಿಗಳೇ ಹೇಳಿದ ಮೇಲೆ ಲ್ಯಾಬಿನ ವರದಿಗೆ ಯಾರು ಕಾಯುತ್ತಾರೆ? ಅವತ್ತೇ ಕೊಳದ ಕಡೆಯ ಗೇಟು ತೆಗೆದರು.

ವಾರ ಕಳೆಯುವುದರೊಳಗೆ ಮೀನಕ್ಕ ಕುಲಪತಿಗಳ ಕೋಣೆಗೆ ನುಗ್ಗಿದಳು. ತಡೆಯಲು ಹೋದ ಜವಾನ ಮೂಗು ಹಿಡಿದುಕೊಂಡು ಹಿಂದೆ ಸರಿದ. ಮೇಜಿನ ಮೇಲೆ ಧೊಪ್ಪನೆ ಬಕೆಟ್ ಕುಕ್ಕಿದಳು. ಅದರ ತುಂಬ ಸತ್ತು ಊದಿದ ಮೀನು. ಸಭೆಗೆಂದು ಕೂತಿದ್ದ ಅಧಿಕಾರಿಗಳೆಲ್ಲ ಕರವಸ್ತ್ರ ಹುಡುಕಿದರು. ಅವರ ಜೊತೆಗೇ ಕೂತಿದ್ದ ಶಿಷ್ಯ ಕಿಟಕಿಯತ್ತ ಓಡಿದ. ಮೇಡಂ ಮಾತ್ರ ಬಕೆಟ್ಟಿನ ಮೇಲೆ ಬಗ್ಗಿ ಮೀನು ನೋಡುತ್ತ ನಿಂತರು.

ಬೈಯಲೆಂದೇ ಬಂದ ಮೀನಕ್ಕ ಒಂದು ಗಳಿಗೆ ಅವರ ಮುಖ ನೋಡಿದಳು. "ಏನ್ರೀ ಮೇಡಂ, ನಿಮಗೆ ವಾಸನೆ ಬರಲ್ವಾ?"

ಬರುತ್ತೆ ಎನ್ನಬಹುದಿತ್ತು, ಬಯ್ದು ಹೊರಗೆ ಕಳಿಸಬಹುದಿತ್ತು. ಆದರೆ ಮೀನು ಕಣ್ಣೆದುರಿಗಿತ್ತು.

"ಬರಲ್ಲಮ್ಮಾ," ಎಂದರು ಮೇಡಂ. "ಜ್ವರ ಬಂದಾಗಿಂದ ಬರಲ್ಲ. ಉದ್ಘಾಟನೆ ದಿನ ನಾನು ಹೇಳಿದ್ದು ಸುಳ್ಳು. ಕೊಳ ತೊಳೆಸಿ ಹೊಸ ಮರಿ ಬಿಡಿಸೋದು ನಮ್ಮ ಜವಾಬ್ದಾರಿ. ಅಲ್ಲೀವರೆಗೂ ನಿನ್ನ ಮನೆ ನಡೆಸೋದೂ ನಮ್ದೇ."

ಆಮೇಲೆ ಅಧಿಕಾರಿಗಳ ಕಡೆ ತಿರುಗಿದರು. "ನೀವೆಲ್ಲ ಅವತ್ತು ಅಲ್ಲೇ ಇದ್ರಲ್ಲ, ಎಷ್ಟು ಜನಕ್ಕೆ ಕೆಟ್ಟ ವಾಸನೆ ಬಂದಿತ್ತು? ಕೈ ಎತ್ತಿ."

ಯಾರೂ ಎತ್ತಲಿಲ್ಲ. ಬಹಳ ಹೊತ್ತಾದ ಮೇಲೆ ಶಿಷ್ಯ ಎತ್ತಿದ. ಅವನ ಹಿಂದೆ ಒಂದೊಂದೇ ಕೈ ಮೇಲೆ ಹೋಗುತ್ತ, ಕೊನೆಗೆ ಎಲ್ಲರದೂ ಎದ್ದಿತು.

"ಬ್ಲೋವರ್ ಸರಿಯಾಗಿ ಗಾಳಿ ಊದ್ತಿರ್ಲಿಲ್ಲ ಮೇಡಂ, ಕೊಳೆತ ಮೊಟ್ಟೆ ವಾಸನೆ ಹೊಡೀತಿತ್ತು," ಎಂದ ಶಿಷ್ಯ ತಲೆ ತಗ್ಗಿಸಿ. "ಆದ್ರೆ ಅಷ್ಟು ಜನರ ಮುಂದೆ ಕುಲಪತಿಗಳಿಗೆ ಎದುರಾಡೋದು ಹೇಗೆ?"

"ಮೊದಲು ಎದುರಾಡ್ತಿದ್ಯಲ್ಲೋ!"

"ಆಗ ನೀವು ಬರೀ ಮೋರಿ ಮೇಡಂ."

ಸಂಜೆ ಮನೆಗೆ ಬಂದಾಗ ಮೇಡಂ ಸುಸ್ತಾಗಿ ಹೋಗಿದ್ದರು. ಯಜಮಾನರು ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದರು. ಅವರು ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು, ಮಾತು ಕಡಿಮೆ. ಮೇಡಂ ಬಾಗಿಲಿಗೆ ಒರಗಿ ನಿಂತು ಮೂಗಿನ ವಿಷಯವನ್ನೆಲ್ಲ ಹೇಳಿಬಿಟ್ಟರು. ಎದೆಯ ಮೇಲಿನ ಭಾರ ಇಳಿಸಿದಂತಾಯಿತು.

"ಗೊತ್ತು," ಎಂದರು ಯಜಮಾನರು.

"ಏನು ಗೊತ್ತು?"

"ಜ್ವರ ಬಿಟ್ಟ ವಾರದಲ್ಲೇ ಗೊತ್ತಾಯ್ತು. ಹಾಲು ಸೀದು ಮನೆಯೆಲ್ಲ ವಾಸನೆ. ನೀನು ಇಲ್ಲೇ ಪಕ್ಕದಲ್ಲಿ ಪೇಪರ್ ಓದ್ತಾ ಕೂತಿದ್ದೆ. ಅವತ್ತಿಂದ ಒಲೆ ಹತ್ರ ನಾನೇ ಇರ್ತೀನಿ."

"ಮತ್ತೆ ಒಂದು ಮಾತು ಕೇಳಬಾರದಿತ್ತೇನ್ರೀ?"

ಯಜಮಾನರು ಒಲೆ ಆರಿಸಿದರು. ಹಾಲಿನ ಪಾತ್ರೆ ಇಳಿಸಿದರು, ಇಕ್ಕಳವನ್ನು ಆ ಕಡೆ ಈ ಕಡೆ ಸರಿಸಿದರು. "ಅಲ್ಲ... ನೀನು ಈಗ ಅಂಥಾ ಜಾಗದಲ್ಲಿದೀಯ. ಕೇಳಿದ್ರೆ ಹೇಗೆ ತಗೋತೀಯೋ ಏನೋ ಅಂತ..."

ಅಷ್ಟು ಅಧಿಕಾರಿಗಳ ಎದುರು ತಪ್ಪೊಪ್ಪಿಕೊಳ್ಳುವಾಗ ಬಾರದ ಅಳು ಮೇಡಂಗೆ ಈಗ ಒತ್ತರಿಸಿ ಬಂತು.

"ಮನೇಲೂ ನಾನು ಕುಲಪತೀನೇನಾ ರೀ?"