ಗೋಲಿನ ಹಿಂದೆ ಕೂತ ಕಮಲಾಪುರ

ಗೋಲ್‌ಕೀಪರ್ ಜನರಿಗೆ ಬೆನ್ನು ಕೊಟ್ಟು ನಿಲ್ಲುವವನು. ಮಿಕ್ಕವರು ಮೈದಾನದ ತುಂಬ ಓಡಾಡುತ್ತಾ ಯಾರು ಬಂದಿದ್ದಾರೆ, ಯಾರು ಬಂದಿಲ್ಲ ಎಂದು ಕಣ್ಣಾಡಿಸಿಕೊಳ್ಳಬಹುದು. ನನಗೆ ಆ ಭಾಗ್ಯವಿರಲಿಲ್ಲ. ಜನರ ಮುಖ ಗೊತ್ತಿರಲಿಲ್ಲ, ಗಂಟಲು ಗೊತ್ತಿತ್ತು. ಯಾರು ಎಲೆ ಅಡಿಕೆ ಉಗುಳಿ ಬೈಯುತ್ತಾರೆ, ಯಾರು ಬೈದ ಮೇಲೆ ಉಗುಳುತ್ತಾರೆ ಎನ್ನುವುದನ್ನೂ ಹಿಂತಿರುಗದೆ ಹೇಳುತ್ತಿದ್ದೆ.

ಕಲಬುರಗಿಯಲ್ಲಿ ಫುಟ್‌ಬಾಲ್ ಆಡಿ ಹೊಟ್ಟೆ ಹೊರೆದೆ ಎಂದರೆ ಈಗ ಜನ ನಗುತ್ತಾರೆ. ನಗಲಿ. ಊರ ಪಕ್ಕದ ನಂದೂರಿನ ಬೇಳೆ ಮಿಲ್ಲಿನ ಮಾಲೀಕರೊಬ್ಬರಿಗೆ ಈ ಆಟದ ಹುಚ್ಚು ಹತ್ತಿತ್ತು. ತಂಡ ಕಟ್ಟಿ ನಮಗೆ ತಿಂಗಳ ಪಗಾರ ಕೊಡುತ್ತಿದ್ದರು. ಸೋಲಾಪುರ, ಬೀದರ, ಹೈದರಾಬಾದ್ ಕಡೆಯ ಅಂಥವೇ ತಂಡಗಳ ಜೊತೆ ಚಳಿಗಾಲದ ಭಾನುವಾರಗಳಲ್ಲಿ ಒಂದು ಲೀಗ್ ನಡೆಯುತ್ತಿತ್ತು. ಕಲಬುರಗಿಯಲ್ಲೇ ಆಟವಿದ್ದಾಗ ಗೇಟಿನಲ್ಲಿ ಟಿಕೆಟ್ ಹರಿದು ಕೊಟ್ಟು ಒಳಗೆ ಬಿಡುತ್ತಿದ್ದರು. ಮಿಲ್ಲಿನ ಹಮಾಲರು ತಲೆಯ ಮೇಲಿನ ತೊಗರಿ ಧೂಳನ್ನೂ ಝಾಡಿಸಿಕೊಳ್ಳದೆ ಬಂದು ಕೂಡುತ್ತಿದ್ದರು. ಪಕ್ಕದ ಹಳ್ಳಿ ಶರಣಸಿರಸಗಿಯವರು ಎಮ್ಮೆ ಹಿಂಡಿ ಬರುವಷ್ಟರಲ್ಲಿ ಅರ್ಧ ಆಟ ಮುಗಿದಿರುತ್ತಿತ್ತು. ಆದರೂ ಪೂರ್ತಿ ಟಿಕೆಟ್ ತೆಗೆದುಕೊಂಡು, ಪೂರ್ತಿ ಬೈದು ಹೋಗುತ್ತಿದ್ದರು.

ನಾನು ಕಮಲಾಪುರದವನು. ನನ್ನ ಅಪ್ಪನ ತಮ್ಮ, ನನ್ನ ಕಾಕಾ, ಅಲ್ಲಿ ಕೆಂಪು ಬಾಳೆಯ ತೋಟ ಮಾಡಿಕೊಂಡಿದ್ದ. ಹಣ್ಣು ಹೇರುವ ಟೆಂಪೊ ಇತ್ತು. ಕಲಬುರಗಿಯಲ್ಲಿ ನಮ್ಮ ಆಟವಿದ್ದ ದಿನ ಆ ಟೆಂಪೊದಲ್ಲಿ ಹಣ್ಣಿನ ಬದಲು ನಮ್ಮ ಓಣಿಯ ಜನ ತುಂಬಿಕೊಳ್ಳುತ್ತಿದ್ದರು. ಹಲಿಗೆ ಬಾರಿಸುವವನು ಒಬ್ಬ, ಕಿರಾಣಿ ಅಂಗಡಿಯವರು, ಹೊಲಕ್ಕೆ ಹೋಗಿ ಬಂದು ಕೈಕಾಲು ತೊಳೆದವರು, ತೊಳೆಯದವರು. ರೊಟ್ಟಿ, ಶೇಂಗಾ ಹಿಂಡಿ, ಒಂದು ಗೊನೆ ಬಾಳೆಹಣ್ಣು. ಅವರು ಬಂದು ಕೂಡುತ್ತಿದ್ದುದು ನನ್ನ ಗೋಲಿನ ಹಿಂದೆ. ಮಧ್ಯದಲ್ಲಿ ನೆರಳಿನ ಒಳ್ಳೆಯ ಜಾಗವಿದೆ, ಅಲ್ಲಿಂದ ಆಟ ಚೆನ್ನಾಗಿ ಕಾಣುತ್ತದೆ ಎಂದರೆ ಕಾಕಾ ಕೇಳುತ್ತಿರಲಿಲ್ಲ. ಆಟ ನೋಡಲು ಬಂದಿಲ್ಲ, ಹುಡುಗನ ಹಿಂದೆ ನಿಲ್ಲಲು ಬಂದೀವಿ ಎನ್ನುತ್ತಿದ್ದ.

ಫುಟ್‌ಬಾಲ್‌ನಲ್ಲಿ ಅರ್ಧ ಆಟ ಮುಗಿದ ಮೇಲೆ ಎರಡೂ ತಂಡಗಳು ಕಡೆ ಬದಲಿಸುತ್ತವೆ. ಈ ಗೋಲಿನವನು ಆ ಗೋಲಿಗೆ ಹೋಗಬೇಕು. ಮೊದಲ ಸಲ ನಾನು ಆ ಕಡೆಗೆ ನಡೆದಾಗ ಕಾಕಾನಿಗೆ ಅದು ಅನ್ಯಾಯವೆನಿಸಿತಂತೆ. ಎದ್ದ. ಅವನು ಎದ್ದದ್ದು ನೋಡಿ ಓಣಿಯವರೆಲ್ಲ ಎದ್ದರು. ಹಲಿಗೆ, ನೀರಿನ ಕ್ಯಾನು, ಬಾಳೆಗೊನೆ, ಹಾಸಿಕೊಂಡ ಚೀಲ ಎಲ್ಲವನ್ನೂ ಹೊತ್ತುಕೊಂಡು, ಮೈದಾನದ ತಂತಿಬೇಲಿಯ ಗುಂಟ ಸುತ್ತು ಹಾಕಿ, ಆಚೆಯ ಗೋಲಿನ ಹಿಂದೆ ಹೋಗಿ ಕೂತರು. ಅಂದಿನಿಂದ ಅದೇ ರೂಢಿಯಾಯಿತು. ಅರ್ಧ ಆಟ ಮುಗಿಯಿತೆಂದರೆ ಕಮಲಾಪುರದ ಮೆರವಣಿಗೆ ಹೊರಡುತ್ತಿತ್ತು. ನಡುವಿನ ಜನ ಕಾಲು ಮಡಚಿ ದಾರಿ ಬಿಟ್ಟು, ಬೀಗರು ಬಂದರು ನೋಡ್ರಿ ಎಂದು ಕಾಡಿಸಿ, ಒಂದೊಂದು ಬಾಳೆಹಣ್ಣು ಕಿತ್ತುಕೊಳ್ಳುತ್ತಿದ್ದರು. ಎದುರು ತಂಡದ ಗೋಲ್‌ಕೀಪರ್‌ಗಳು, ನಮ್ಮ ಮಾತಿನಲ್ಲಿ ಗೋಲಿಗಳು, ನನ್ನ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದರು. ಅವರಿಗೆ ಎರಡೂ ಅರ್ಧದಲ್ಲಿ ಬೆನ್ನ ಹಿಂದೆ ಯಾರೂ ಇರುತ್ತಿರಲಿಲ್ಲ.

ನಾಚಿಕೆಪಡದೆ ಹೇಳುತ್ತೇನೆ, ಆ ಜನರಿಂದ ನನಗೆ ಉಪಯೋಗವಿತ್ತು. ಎದುರಾಳಿಯೊಬ್ಬ ಚೆಂಡು ತೆಗೆದುಕೊಂಡು ಒಬ್ಬನೇ ನುಗ್ಗಿ ಬಂದಾಗ ಗೋಲಿಗೆ ಒಂದೇ ಪ್ರಶ್ನೆ: ಮುಂದೆ ಓಡಿ ಅವನ ಕಾಲಿಗೆ ಬೀಳಬೇಕೋ, ಗೆರೆಯ ಮೇಲೆ ನಿಲ್ಲಬೇಕೋ. ಕೆಟ್ಟದ್ದೆಂದರೆ ಎರಡರ ನಡುವೆ ಸಿಕ್ಕಿಹಾಕಿಕೊಳ್ಳುವುದು. ಹಿಂದಿನಿಂದ ಕಾಕಾನ ಗಂಟಲು ಬರುತ್ತಿತ್ತು. "ಹೋಗು" ಎಂದರೆ ಹೋಗುತ್ತಿದ್ದೆ, "ನಿಂದ್ರು" ಎಂದರೆ ನಿಲ್ಲುತ್ತಿದ್ದೆ. ಕಾಕಾನಿಗೆ ಫುಟ್‌ಬಾಲ್ ಏನೂ ಗೊತ್ತಿರಲಿಲ್ಲ. ಆಫ್‌ಸೈಡ್ ಎಂದರೇನೆಂದು ಕೊನೆಯವರೆಗೂ ತಿಳಿಯಲಿಲ್ಲ. ಎಷ್ಟೋ ಸಲ ತಪ್ಪು ಹೇಳಿದ್ದಾನೆ, ಗೋಲು ಬಿದ್ದಿದೆ. ಆದರೆ ಯಾರೋ ಒಬ್ಬರು ಹೇಳಿದ್ದರಿಂದ ನಾನು ನಡುವೆ ಸಿಕ್ಕಿಬೀಳುತ್ತಿರಲಿಲ್ಲ.

ಕೊರೊನಾ ಬಂತು. ಮೊದಲ ಚಳಿಗಾಲ ಆಟವೇ ಇಲ್ಲ. ಎರಡನೇ ಅಲೆಯಲ್ಲಿ ಹಲಿಗೆಯವನು ಹೋದ. ಅವನ ಮಣ್ಣಿಗೂ ಯಾರನ್ನೂ ಬಿಡಲಿಲ್ಲ. ಅದಾದ ಮೇಲಿನ ಚಳಿಗಾಲದಲ್ಲಿ ಲೀಗ್ ಮತ್ತೆ ಶುರುವಾಗುತ್ತದೆ, ಜನರನ್ನೂ ಬಿಡುತ್ತಾರೆ ಎಂದಾಗ ನಾನು ಹಳೆಯ ಗ್ಲೌಸಿಗೆ ಎಣ್ಣೆ ಹಚ್ಚಿ ತಿಕ್ಕಿದೆ. ಗ್ಲೌಸಿಗೆ ಎಣ್ಣೆ ಹಚ್ಚಬಾರದು, ಹಿಡಿತ ಹೋಗುತ್ತದೆ. ಅಷ್ಟು ಖುಷಿಯಲ್ಲಿದ್ದೆ.

ಬಿಟ್ಟರು, ಆದರೆ ನಿಯಮಗಳಿದ್ದವು. ಗೇಟಿನಲ್ಲಿ ಟಿಕೆಟ್ ಇಲ್ಲ, ಫೋನಿನಲ್ಲಿ ಮೊದಲೇ ತೆಗೆದುಕೊಳ್ಳಬೇಕು. ಎರಡೂ ಡೋಸು ಆಗಿರಬೇಕು, ಲಸಿಕೆ ಹಾಕಿಸಿಕೊಂಡಾಗ ಕೊಟ್ಟ ಫೋನ್ ನಂಬರಿನಿಂದಲೇ ಟಿಕೆಟ್ ಸಿಗುತ್ತದೆ, ಒಂದು ನಂಬರಿಗೆ ಒಂದೇ. ಒಂದು ಜಾಗ ಬಿಟ್ಟು ಒಂದು ಜಾಗ. ಮೆಟ್ಟಿಲಿನ ಮೇಲೆ ಖಾಲಿ ಬಿಡಬೇಕಾದ ಜಾಗಕ್ಕೆ ಬಿಳಿ ಬಣ್ಣದಲ್ಲಿ ಅಡ್ಡಗೀಟು. ಕೊಟ್ಟ ಸೀಟು ಬಿಟ್ಟು ಏಳುವಂತಿಲ್ಲ. ನಿಯಮ ತಪ್ಪು ಎಂದು ನಾನು ಹೇಳುವುದಿಲ್ಲ. ಹಲಿಗೆಯವನನ್ನು ಕಳೆದುಕೊಂಡವರು ನಾವು, ನಮಗೆ ಯಾರೂ ಪಾಠ ಹೇಳಬೇಕಿರಲಿಲ್ಲ. ಆದರೆ ಈ ನಿಯಮ ಬರೆದವರಿಗೆ ನಮ್ಮ ಜನ ಆಟಕ್ಕೆ ಹೇಗೆ ಬರುತ್ತಾರೆ ಎಂಬುದು ಗೊತ್ತಿರಲಿಲ್ಲ. ಹಮಾಲನಿಗೆ ಇವತ್ತು ಲಾರಿ ಎಷ್ಟು ಹೊತ್ತಿಗೆ ಖಾಲಿಯಾಗುತ್ತದೆ ಎಂದು ಇವತ್ತೇ ಗೊತ್ತಿರುವುದಿಲ್ಲ. ಅವನು ನಾಡಿದ್ದಿನ ಆಟಕ್ಕೆ ಇವತ್ತು ಫೋನು ಒತ್ತುತ್ತಾ ಕೂಡುತ್ತಾನೆಯೇ? ಬೇಸರವಾದರೆ ಬರುತ್ತಿದ್ದ, ಗದ್ದಲ ಕೇಳಿದರೆ ಬರುತ್ತಿದ್ದ, ಗೆಳೆಯ ಎಳೆದರೆ ಬರುತ್ತಿದ್ದ.

ಮೊದಲ ಆಟಕ್ಕೆ ಬಂದವರು ಮಾಲೀಕರ ನೆಂಟರು ಮತ್ತು ಸೇಡಂ ರಸ್ತೆಯ ಕೆಲವು ಡಾಕ್ಟರುಗಳು. ಗೋಲು ತಡೆದಾಗ ಮೆತ್ತಗೆ ಚಪ್ಪಾಳೆ ತಟ್ಟಿದರು. ಎರಡನೆಯ ಆಟಕ್ಕೆ ಅವರೂ ಕಡಿಮೆಯಾದರು. ಮಾಲೀಕರು ನನ್ನನ್ನು ಮಿಲ್ಲಿಗೆ ಕರೆಸಿದರು. ಚಹಾ ತರಿಸಿದರು.

"ನೋಡಪಾ, ಖಾಲಿ ಮೆಟ್ಟಲಿಗಿ ಎಷ್ಟು ದಿನಾ ಆಟ ತೋರಿಸ್ಲಿ? ಇನ್ನೊಂದು ಆಟ ನೋಡ್ತೀನಿ. ಮಂದಿ ಬಂದ್ರ ಟೀಮ್ ಇರ್ತದ, ಇಲ್ಲಂದ್ರ ಇಲ್ಲ. ನಿಮ್ಮ ಕಮಲಾಪುರದವ್ರು ಎಲ್ಲಿ ಹ್ವಾದ್ರು?"

ನಾನು ಆವತ್ತೇ ಬಸ್ಸು ಹಿಡಿದು ಕಮಲಾಪುರಕ್ಕೆ ಹೋದೆ. ಫೋನಿನ ಟಿಕೆಟ್ ಎಂದರೇನೆಂದು ತಿಳಿಯದೆ ಓಣಿಯವರು ಮೊದಲೆರಡು ಆಟಕ್ಕೆ ಬಂದಿರಲಿಲ್ಲ. ಕಾಕಾ ತೋಟದಲ್ಲಿದ್ದ. ವಿಷಯ ಹೇಳಿದೆ. ಅದರಲ್ಲೇನಿದೆ, ಟೆಂಪೊ ತುಂಬಿಕೊಂಡು ಬರುತ್ತೇನೆ ಎಂದ. ಎಲ್ಲರದೂ ಎರಡು ಡೋಸು ಆಗಿತ್ತು. ಆಗದೆ ಏನು, ಕಾಕಾನೇ ಮನೆ ಮನೆಗೆ ಹೋಗಿ ಎಳೆದುಕೊಂಡು ಹೋಗಿ ಹಾಕಿಸಿದ್ದ. ತೊಡಕು ಅಲ್ಲೇ ಇತ್ತು. ಶಾಲೆಯ ಕ್ಯಾಂಪಿನಲ್ಲಿ ನರ್ಸಮ್ಮ ಫೋನ್ ನಂಬರ್ ಕೇಳಿದಾಗ ಅರ್ಧ ಜನ ಫೋನು ತಂದಿರಲಿಲ್ಲ, ಉಳಿದವರಿಗೆ ನಂಬರ್ ಬಾಯಿಪಾಠವಿರಲಿಲ್ಲ. ಹೀಗಾಗಿ ಕಾಕಾನ ನಂಬರಿನಲ್ಲಿ ಕೆಲವರು, ಕಿರಾಣಿಯವರ ನಂಬರಿನಲ್ಲಿ ಕೆಲವರು, ಟೆಂಪೊ ಡ್ರೈವರನ ನಂಬರಿನಲ್ಲಿ ಉಳಿದವರು. ಯಾರ ನಂಬರಾದರೇನು, ಸೂಜಿಯಂತೂ ಅವರವರ ತೋಳಿಗೇ ಚುಚ್ಚಿತಲ್ಲ ಎನ್ನುವುದು ಓಣಿಯ ಲೆಕ್ಕ. ಟಿಕೆಟಿನ ಲೆಕ್ಕದಲ್ಲಿ ಇಡೀ ಓಣಿ ಮೂರು ಜನವಾಯಿತು.

ನಾನು ಫೋನಿನ ಮೇಲೆ ಎಷ್ಟು ಒತ್ತಿದರೂ ನಾಲ್ಕನೆಯ ಟಿಕೆಟ್ ಬರಲಿಲ್ಲ. ಆ ಮೂರಾದರೂ ಒಂದೇ ಕಡೆ ಸಿಗಲಿಲ್ಲ. ಕಾಕಾನ ಸೀಟು ಒಂದು ಗೋಲಿನ ಹಿಂದೆ, ಇನ್ನೆರಡು ಎಲ್ಲೋ ಮೂಲೆಗಳಲ್ಲಿ.

ಆಟದ ದಿನ ಟೆಂಪೊ ತುಂಬಿಯೇ ಬಂತು. ಗೇಟಿನವನಿಗೆ ಹೇಳಿದರೆ ಕೇಳುತ್ತಾನೆ, ನಮ್ಮ ಹುಡುಗನೇ ಗೋಲಿ ಇದ್ದಾನೆ ಎಂಬ ಧೈರ್ಯ. ನಾನು ಆಟದ ಬಟ್ಟೆಯಲ್ಲೇ ಗೇಟಿಗೆ ಓಡಿದೆ. ಕಾವಲಿನವನು ಒಳ್ಳೆಯವನೇ. ಓಣಿಯವರು ಹಿಡಿದ ಲಸಿಕೆಯ ಕಾಗದಗಳನ್ನೆಲ್ಲ ತಾಳ್ಮೆಯಿಂದ ನೋಡಿದ. "ಸೂಜಿ ಹಾಕಿಸ್ಕೊಂಡಿದ್ದು ಖರೆ ಅದ ರೀ. ನಾ ಏನ್ ಮಾಡ್ಲಿ, ಟಿಕೆಟ್ ಇಲ್ಲ" ಎಂದ. ಹೊರಗೆ ನಿಂತಾದರೂ ಕೂಗುತ್ತೇವೆ ಎಂದು ಟಿಕೆಟ್ ಇಲ್ಲದವರು ಕಂಪೌಂಡಿನ ಗೋಡೆಗೆ ಒತ್ತಿ ನಿಂತರು. ಗುಂಪು ಸೇರಬಾರದು ಎಂದು ಪೊಲೀಸರು ಬಂದು ಚದುರಿಸಿದರು. ಒಳಗೆ ಗುಂಪಿಲ್ಲ ಎಂದು ತಂಡ ಸಾಯುತ್ತಿತ್ತು, ಹೊರಗೆ ಗುಂಪಾಯಿತೆಂದು ಜನರನ್ನು ಓಡಿಸುತ್ತಿದ್ದರು. ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದೆ ನಾನು ಗೇಟಿನ ಕಂಬಕ್ಕೆ ಗುದ್ದಿದೆ. ಬಾಳೆಗೊನೆ ಟೆಂಪೊದಲ್ಲೇ ಉಳಿಯಿತು.

ಮೊದಲ ಅರ್ಧ ಕಾಕಾ ನನ್ನ ಹಿಂದಿದ್ದ. ಆಚೀಚೆ ಅಡ್ಡಗೀಟುಗಳು, ನಡುವೆ ಅವನೊಬ್ಬ. ಮಾಸ್ಕಿನ ಒಳಗಿಂದ ಬಂದಾಗ ಅವನ ಬೈಗುಳ ಕೂಡ ದೇವರ ಮಂತ್ರದಂತೆ ಕೇಳಿಸುತ್ತಿತ್ತು. ಆದರೂ ಕೇಳಿಸಿತು. ಒಂದು ಸಲ "ಹೋಗು" ಎಂದ. ಹೋದೆ, ಚೆಂಡಿನ ಮೇಲೆ ಬಿದ್ದೆ, ಹಿಡಿದೆ. ಮಣ್ಣಿನಲ್ಲಿ ಮುಖವಿಟ್ಟುಕೊಂಡು ಮಲಗಿದಾಗ ನನಗೆ ಅಳು ಬಂತು.

ಅರ್ಧ ಆಟ ಮುಗಿಯಿತು. ನಾನು ಆಚೆಯ ಗೋಲಿಗೆ ನಡೆದು, ಕಂಬಕ್ಕೆ ಬೆನ್ನು ಹಚ್ಚಿ ಈ ಕಡೆ ನೋಡಿದೆ. ಕಾಕಾ ಎದ್ದು ನಿಂತಿದ್ದ, ಹೆಗಲ ಮೇಲೆ ಚೀಲ. ಜನರನ್ನು ಕೂಡಿಸಲು ನಿಂತಿದ್ದ, ಜಾಕೆಟ್ ಹಾಕಿದ ಒಬ್ಬ ತರುಣ ಅಡ್ಡ ಬಂದು ಕೈಮುಗಿದು ಏನೋ ಹೇಳಿದ. ಕಾಕಾ ನನ್ನ ಕಡೆ ಕೈ ಮಾಡಿ ತೋರಿಸಿದ. ಅವನು ಮತ್ತೆ ಕೈಮುಗಿದ. ಜಗಳವಾಗಲಿಲ್ಲ. ಜಗಳವಾಗಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಕಾಕಾ ಚೀಲವನ್ನು ಮೆಲ್ಲಗೆ ಕೆಳಗಿಟ್ಟು ಕೂತ. ಈಗ ಅವನ ಮುಂದೆ ನಿಂತದ್ದು ಎದುರು ತಂಡದ, ಹೈದರಾಬಾದ್ ಕಡೆಯ ಗೋಲಿ.

ನನ್ನ ಹಿಂದಿನ ಮೆಟ್ಟಿಲುಗಳಿಗೆ ಹಗ್ಗ ಕಟ್ಟಿದ್ದರು. ಅಲ್ಲಿ ಯಾರೂ ಇರಲಿಲ್ಲ. ಆಟ ಮುಗಿಯಲು ಸ್ವಲ್ಪವೇ ಇದ್ದಾಗ ಎದುರಾಳಿಯೊಬ್ಬ ಒಬ್ಬನೇ ಬಂದ. ನಾನು ಕಾದೆ. ಏನನ್ನು ಕಾದೆ ಎಂದು ನನಗೆ ಚೆನ್ನಾಗಿ ಗೊತ್ತು. ಬರಲಿಲ್ಲ. ಹೊರಟೆ, ನಿಂತೆ, ಮತ್ತೆ ಹೊರಟೆ. ಅವನು ನನ್ನ ತಲೆಯ ಮೇಲಿಂದ ಚೆಂಡನ್ನು ಎತ್ತಿ ಹಾಕಿದ. ಯಾರೂ ಬೈಯಲೂ ಇಲ್ಲ. ಬಲೆಯಿಂದ ಚೆಂಡು ಎತ್ತಿಕೊಳ್ಳುವಾಗ ಇದು ಮುಗಿಯಿತು ಎಂದು ನನಗೆ ಅನ್ನಿಸಿತು, ಆಟವಲ್ಲ, ಎಲ್ಲವೂ.

ಹೊರಗೆ ಟೆಂಪೊದ ಹತ್ತಿರ ಕಾಕಾ ಕಾಯುತ್ತಿದ್ದ. ಗಂಟಲು ಕಟ್ಟಿತ್ತು.

"ಹೋಗು ಅಂದ್ನೆಲ್ಲೋ ತಮ್ಮಾ. ಅಲ್ಲಿಂದಾನೇ ಒದರಿದ್ನಿ. ಕೇಳಸಲಿಲ್ಲೇನು?"

ಇಡೀ ಮೈದಾನದ ಆಚೆಯಿಂದ ಅವನು ಕೂಗಿದ್ದ. ಕೇಳಿಸಿತು, ನನಗೇ ಆಗಲಿಲ್ಲ ಎಂದೆ. ಅವನು ನಂಬಲಿಲ್ಲ.

ಮಾಲೀಕರು ಹೇಳಿದಂತೆಯೇ ಮಾಡಿದರು. ಪಗಾರದವರನ್ನೆಲ್ಲ ಬಿಟ್ಟು, ಬಸ್ ಚಾರ್ಜಿಗೆ ಆಡುವ ಕಾಲೇಜು ಹುಡುಗರನ್ನು ಇಟ್ಟುಕೊಂಡು ತಂಡದ ಹೆಸರನ್ನಷ್ಟೇ ಉಳಿಸಿಕೊಂಡರು. ನನಗೆ ಮಿಲ್ಲಿನಲ್ಲೇ ಚೀಲ ತೂಗಿಸುವ ಕೆಲಸ ಕೊಟ್ಟರು. ಒಳ್ಳೆಯವರು, ಅದನ್ನೂ ಹೇಳಬೇಕು. ಆದರೆ ಭಾನುವಾರ ಸಂಜೆಯಾದರೆ ಕೈಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ.

ನಿಯಮಗಳು ಒಂದೊಂದೇ ಹೋದವು. ಮೊದಲು ಮಾಸ್ಕು, ಆಮೇಲೆ ಡೋಸು, ಆಮೇಲೆ ಫೋನಿನ ಟಿಕೆಟು. ಕೊನೆಗೆ ಟಿಕೆಟೇ ಬೇಡ, ಯಾರಾದರೂ ಬರ್ರಿ ಎಂದು ಗೇಟು ತೆರೆದಿಟ್ಟರು. ಯಾರೂ ಬರಲಿಲ್ಲ. ನಿಯಮ ಹೋದರೆ ಜನ ಬರುತ್ತಾರೆ ಎಂದು ನಾನು ಎಷ್ಟು ನಂಬಿಕೊಂಡಿದ್ದೆ. ಹಮಾಲರು ಈಗ ಸಂಜೆ ಚೀಲಗಳ ಮೇಲೆ ಒರಗಿ ಫೋನಿನಲ್ಲಿ ಯಾವುದೋ ದೇಶದ ಆಟ ನೋಡುತ್ತಾರೆ. ಬರ್ರೋ ಎಂದು ನಾನೇ ಕರೆದಿದ್ದೇನೆ. ಬರ್ತೀವಿ ರೀ ಎನ್ನುತ್ತಾರೆ. ನಮ್ಮ ಓಣಿಯವರೂ ಹಾಗೇ ಎನ್ನುತ್ತಾರೆ. ಟೆಂಪೊದಲ್ಲಿ ಈಗ ಬರೀ ಹಣ್ಣು ಬರುತ್ತದೆ.

ಹೋದ ಚಳಿಗಾಲದಲ್ಲಿ ಕಾಕಾ ಕಣ್ಣು ತೋರಿಸಿಕೊಳ್ಳಲು ಸೇಡಂ ರಸ್ತೆಯ ಆಸ್ಪತ್ರೆಗೆ ಬಂದಿದ್ದ. ಆವತ್ತು ಭಾನುವಾರವಲ್ಲದಿದ್ದರೂ ಆಟವಿತ್ತು. ಒತ್ತಾಯ ಮಾಡಿ ಕರೆದುಕೊಂಡು ಹೋದೆ. ಗೇಟಿನಲ್ಲಿ ಕಾವಲಿನವನೂ ಇರಲಿಲ್ಲ. ಒಳಗೆ ಆಡುವವರ ಗೆಳೆಯರು ನಾಲ್ಕಾರು ಮಂದಿ, ನೆರಳಿನಲ್ಲಿ ಒಂದು ನಾಯಿ. ಎಲ್ಲಿ ಬೇಕಾದರೂ ಕೂಡಬಹುದಿತ್ತು. ಕಾಕಾ ಕಣ್ಣು ಕಿರಿದು ಮಾಡಿ ಮೆಟ್ಟಿಲು ಏರಿ, ಹುಡುಕಿಕೊಂಡು ಹೋಗಿ ತನ್ನ ಆವತ್ತಿನ ಜಾಗದಲ್ಲೇ ಕೂತ. ಅಡ್ಡಗೀಟಿನ ಬಣ್ಣ ಮಾಸಿದ್ದರೂ ಅಳಿಸಿರಲಿಲ್ಲ. ನಾನು ಪಕ್ಕದಲ್ಲಿ ಕೂಡಲು ಹೋದರೆ, ತೋಳು ಹಿಡಿದು ಗೀಟಿನ ಆಚೆ ಕೂಡಿಸಿದ.

ಅರ್ಧ ಆಟದವರೆಗೆ ಅವನು ಒಮ್ಮೆಯೂ ಕೂಗಲಿಲ್ಲ. ಸೀಟಿ ಊದಿದಾಗ ನಾನು ಎದ್ದೆ. ಸುಮ್ಮನೆ ಎದ್ದದ್ದಲ್ಲ, ಆಸೆಯಿಂದ ಎದ್ದೆ.

"ಏಳ್ರಿ ಕಾಕಾ. ಆ ಕಡಿ ಹೋಗೋಣು."

ಕಾಕಾ ಚೀಲವನ್ನು ಮಡಿಲಿಗೆ ಎಳೆದುಕೊಂಡ. ಯಾರಾದರೂ ಬರುತ್ತಾರೇನೋ ಎಂದು ಆಚೀಚೆ ನೋಡಿದ.

"ಹಂಗ್ ಹೋಗಬಾರ್ದಪಾ. ನಂದು ಇದಾ ಸೀಟ್."

ಈಗ ಯಾರೂ ಕೇಳುವುದಿಲ್ಲ ಎಂದೆ. ಅವನು ತಲೆಯಾಡಿಸಿದ, ಏಳಲಿಲ್ಲ. ನಾನು ಒಬ್ಬನೇ ಬೇಲಿಯವರೆಗೆ ಇಳಿದು ಹೋಗಿ, ಸ್ವಲ್ಪ ಹೊತ್ತು ತಂತಿ ಹಿಡಿದು ನಿಂತು, ಮೇಲೆ ಬಂದು ಗೀಟಿನ ಆಚೆ ಕೂತೆ. ದೂರದ ಗೋಲಿನಲ್ಲಿ ನಮ್ಮ ತಂಡದ ಹೊಸ ಗೋಲಿ ಹೋಗಿ ನಿಂತ. ಎದುರಾಳಿಯೊಬ್ಬ ಚೆಂಡು ತೆಗೆದುಕೊಂಡು ಒಬ್ಬನೇ ಅವನ ಕಡೆ ಓಡಿದ. ನನ್ನ ಪಕ್ಕದಲ್ಲಿ ಕಾಕಾನ ಬಾಯಿ ತೆರೆಯಿತು, ಮತ್ತೆ ಮುಚ್ಚಿತು. ಆ ಹುಡುಗ ಯಾರ ಕೂಗಿಗೂ ಕಾಯಲಿಲ್ಲ. ಹಿಂದೆ ಜನ ಇರುತ್ತಾರೆ ಎನ್ನುವುದೇ ಅವನಿಗೆ ಗೊತ್ತಿರಲಿಲ್ಲ.