ಪಪ್ಪನ ಎಕ್ಸ್-ರೇಯಲ್ಲಿ ಕತ್ತರಿಸಿದ ಫ್ಲಾಸ್ಕ್

ಬೆಳಗಿನಿಂದ ನಮ್ಮ ಅಪಾರ್ಟ್‌ಮೆಂಟಿನ ಗೇಟಿಗೆ ಬಣ್ಣ ಬಳಿಯುತ್ತಿದ್ದಾರೆ. ಥಿನ್ನರ್ ವಾಸನೆ ಮೆಟ್ಟಿಲು ಹತ್ತಿ ನನ್ನ ಮನೆಯೊಳಗೂ ಬಂದಿದೆ. ಎದುರು ಮನೆಯ ಹುಡುಗಿ ಮೂಗು ಮುಚ್ಚಿಕೊಂಡು, "ಆಂಟಿ, ವಿಂಡೋ ಹಾಕಿಕೊಳ್ಳಿ, ಹೆಲ್ತಿಗೆ ಒಳ್ಳೆಯದಲ್ಲ" ಎಂದು ಹೇಳಿ ಹೋದಳು. ನಾನು ಕಿಟಕಿಯನ್ನು ಇನ್ನಷ್ಟು ತೆರೆದೆ. ಈ ವಾಸನೆಯೊಳಗೆ ನನ್ನದೊಂದು ಅಡುಗೆಮನೆ ಇದೆ. ಸೌದಿಯ ಅಲ್ ಖೋಬರಿನ ಥುಕ್ಬಾ ಬಡಾವಣೆಯಲ್ಲಿ, ಬಾಡಿಗೆ ಕಟ್ಟಡದ ಎರಡನೆಯ ಮಹಡಿಯಲ್ಲಿ, ಗೊರಗೊರ ಎನ್ನುವ ವಿಂಡೋ ಎಸಿಯ ಕೆಳಗೆ, ಗಲ್ಫ್ ಯುದ್ಧದ ಸಮಯದಲ್ಲಿ ಗಾಜಿಗೆ ಅಡ್ಡಡ್ಡ ಅಂಟಿಸಿದ್ದ ಟೇಪಿನ ಕಲೆ ಇನ್ನೂ ಉಳಿದಿದ್ದ ಕಿಟಕಿಯ ಪಕ್ಕ. ಎಷ್ಟು ಒರೆಸಿದರೂ ಸಂಜೆಯ ಹೊತ್ತಿಗೆ ಅದರ ಅಂಚಿನಲ್ಲಿ ಹಿಟ್ಟಿನಂಥ ಮರಳು. ಗಲ್ಫ್‌ನಲ್ಲಿ ಮಕ್ಕಳನ್ನು ಬೆಳೆಸಿದ ತಾಯಂದಿರೇ, ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅದು ನನ್ನ ಮಗಳು ಅಕ್ಷತಾಳ ಬಾಲ್ಯದ ಮನೆ. ಅದನ್ನು ಅವಳಿಂದ ಕಿತ್ತುಕೊಂಡವರ ಮೇಲೆ, ಈ ವಯಸ್ಸಿನಲ್ಲೂ, ನನ್ನ ಸಿಟ್ಟು ಇಳಿದಿಲ್ಲ.

ನಾನು ಮಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು. ಕ್ರಿಸ್ಮಸ್ ಮೇಳದಲ್ಲಿ ಮಾರುವ ಗ್ರೀಟಿಂಗ್ ಕಾರ್ಡ್ ಮಾಡಲು ನಮ್ಮ ಸಿಸ್ಟರ್ ಬಿಗಿದ ಬಟ್ಟೆಯ ಮೂಲಕ ಬಣ್ಣ ಒತ್ತುವ ಸ್ಕ್ರೀನ್ ಪ್ರಿಂಟಿಂಗ್ ಕಲಿಸಿದ್ದರು. ಬಣ್ಣ ಗೆರೆಯಿಂದ ಒಂದು ಕೂದಲಿನಷ್ಟು ಆಚೆ ಹೋದರೆ, "ನೀಟ್‌ನೆಸ್, ಗರ್ಲ್ಸ್!" ಎಂದು ಕಾರ್ಡನ್ನು ಹರಿದು ಹಾಕುತ್ತಿದ್ದರು. ಆ ವಿದ್ಯೆ ಥುಕ್ಬಾದಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಯಾರು ತಿಳಿದಿದ್ದರು? ಕೆಲಸ ಮುಗಿಸಿ ಊರಿಗೆ ಹೊರಟ ಒಂದು ಇಂಗ್ಲಿಷ್ ಕುಟುಂಬ ಮನೆಯ ಸಾಮಾನು ಮಾರುವಾಗ, ಇವರು, ಅಂದರೆ ನನ್ನ ಯಜಮಾನರು, ಇಸ್ತ್ರಿಪೆಟ್ಟಿಗೆ ತರಲು ಹೋಗಿ ದಿನಬಳಕೆಯ ಸಾಮಾನನ್ನೇ ಚಿತ್ರ ಮಾಡುವ ಪಾಪ್ ಆರ್ಟ್‌ನ ಒಂದು ದಪ್ಪ ಪುಸ್ತಕವನ್ನೂ ಹೊತ್ತುಕೊಂಡು ಬಂದರು. ಅಕ್ಷತಾಳಿಗೆ ಆಗ ಹನ್ನೊಂದು. ನೆಲದ ಮೇಲೆ ಬೋರಲು ಮಲಗಿ ಪುಟ ತಿರುವುತ್ತಿದ್ದಳು. ಅಲ್ಲಲ್ಲಿ ಹೆಂಗಸರ ಚಿತ್ರಗಳ ಮೇಲೆ ಅಲ್ಲಿನ ಸೆನ್ಸಾರಿನವರು ಕಪ್ಪು ಮಾರ್ಕರ್ ಬಳಿದಿದ್ದರು. "ಅಮ್ಮ, ಈ ಕಪ್ಪು ಶೇಪ್ ಯಾರು ಮಾಡಿದ್ದು? ಇದೇ ಮೊದಲು ಕಣ್ಣಿಗೆ ಬೀಳ್ತದಲ್ಲ!" ಎಂದಳು. ಮುಚ್ಚಲು ಬಳಿದವರಿಗೆ ತಿಳಿಯದ್ದು ನನ್ನ ಮಗಳಿಗೆ ಒಂದೇ ನೋಟದಲ್ಲಿ ತಿಳಿಯಿತು.

ನಾವು ಕಿತ್ತಳೆ ಹಣ್ಣಿನ ಪೆಟ್ಟಿಗೆಯ ಹಲಗೆಗಳನ್ನು ಜೋಡಿಸಿ ಫ್ರೇಮ್ ಮಾಡಿದೆವು. ಅದಕ್ಕೆ ನನ್ನ ಹಳೆಯ ನೈಲಾನ್ ಸೀರೆಯನ್ನು ಬಿಗಿದೆವು. ಥಿನ್ನರ್ ಬೆರೆಸಿದ ಬಣ್ಣ ಎಳೆಯಲು ನೆಲ ಒರೆಸುವ ವೈಪರಿನ ರಬ್ಬರ್. ಬಣ್ಣ ಇಳಿಯಬೇಕಾದ ಆಕಾರವನ್ನು ಕತ್ತರಿಸಿ ತೆಗೆಯಲು ಗಟ್ಟಿಯಾದ, ಒದ್ದೆಯಾಗದ ಹಾಳೆ ಬೇಕಿತ್ತು. ನಮ್ಮಂಥವರ ಮನೆಯಲ್ಲಿ ಬೇರೆ ಏನಿಲ್ಲದಿದ್ದರೂ ಎಕ್ಸ್-ರೇ ಇರುತ್ತಿತ್ತು. ಎದೆಯ ಎಕ್ಸ್-ರೇ ಇಲ್ಲದೆ ಮೆಡಿಕಲ್ ಇಲ್ಲ, ಮೆಡಿಕಲ್ ಇಲ್ಲದೆ ಇಕಾಮಾ, ಅಂದರೆ ವಾಸದ ಪರವಾನಗಿ, ಇಲ್ಲ, ಇಕಾಮಾ ಇಲ್ಲದವನಿಗೆ ಆ ದೇಶದಲ್ಲಿ ನೆಲವೇ ಇಲ್ಲ. ಇವರೇ ಅಟ್ಟದಿಂದ ತಮ್ಮ ಹಳೆಯದೊಂದನ್ನು ತೆಗೆದುಕೊಟ್ಟು, "ತಗೋ ಮಗಾ, ಪಪ್ಪನ ಎದೆ. ಹುಷಾರಿಂದ ಕತ್ತರಿಸು, ಒಳಗೆ ನೀನೇ ಇದ್ದೀ" ಎಂದರು. ಪಕ್ಕೆಲುಬುಗಳ ನಡುವೆ ಅಕ್ಷತಾ ಒಂದು ಫ್ಲಾಸ್ಕಿನ ಆಕಾರ ಕತ್ತರಿಸಿದಳು. ದಿನವೂ ನಸುಕಿಗೆ ಕಂಪನಿ ಬಸ್ಸು ಹಿಡಿಯುವಾಗ ಅವರ ಕಂಕುಳಲ್ಲಿರುತ್ತಿದ್ದ ಚಹಾದ ಫ್ಲಾಸ್ಕ್. ವಾರದ ದಿನಗಳಲ್ಲಿ ಅವಳು ಅಪ್ಪನನ್ನು ನೋಡುತ್ತಿದ್ದುದೇ ಹಾಗೆ, ಬಾಗಿಲಲ್ಲಿ, ಫ್ಲಾಸ್ಕಿನ ಜೊತೆ.

"ಶೇಡಿಂಗ್ ಎಲ್ಲಿ ಮಾಡುವುದಮ್ಮ?" ಎಂದು ಕೇಳಿದಳು. ಇಲ್ಲಿ ಶೇಡಿಂಗ್ ಇಲ್ಲ, ಬಣ್ಣ ಕಾವಲಿಯ ಮೇಲೆ ನೀರುದೋಸೆ ಹರಡಿದಂತೆ ಸಪಾಟಾಗಿ ಮಲಗುತ್ತದೆ, ಉಬ್ಬು ತಗ್ಗು ಎಲ್ಲವನ್ನೂ ಅಂಚೇ ಹೇಳಬೇಕು ಎಂದೆ. ಅಷ್ಟೇ ನಾನು ಕಲಿಸಿದ್ದು. ಉಳಿದದ್ದನ್ನು ಅವಳೇ ಕಂಡುಕೊಂಡಳು. ಒಂದೇ ಫ್ಲಾಸ್ಕನ್ನು ಒಂದೇ ಹಾಳೆಯಲ್ಲಿ ನಾಲ್ಕು ಸಲ ಒತ್ತಿದಳು. ನಿಜವಾದ ಫ್ಲಾಸ್ಕ್ ಕೆಂಪು. ಅವಳ ನಾಲ್ಕರಲ್ಲಿ ಒಂದೂ ಕೆಂಪಾಗಿರಲಿಲ್ಲ. ಮೊದಲನೆಯದು ನೀಲಿ, ಪಪ್ಪ ಹೊರಡುವ ಹೊತ್ತು. ಎರಡನೆಯದು ಹಳದಿ, ಧೂಳುಗಾಳಿ ಎದ್ದು ಸ್ಕೂಲ್ ಬಸ್ಸಿನಿಂದ ಏನೂ ಕಾಣದ ಹೊತ್ತು. ಮೂರನೆಯದು ಕಿತ್ತಳೆ, ದೂರದ ರಿಫೈನರಿಯ ಬೆಂಕಿ ಆಕಾಶಕ್ಕೆ ತಾಗಿ ಪಪ್ಪ ವಾಪಸಾಗುವ ಹೊತ್ತು. ನಾಲ್ಕನೆಯದು ಹಸಿರು, ರಜೆಯ ಶುಕ್ರವಾರ. ಕಡಲ ದಂಡೆಯ ಕಾರ್ನಿಶಿನ ಹುಲ್ಲಿನ ಮೇಲೆ ಚಾಪೆ ಹಾಸಿ ನಾವು ಮೂವರೂ ಅದೇ ಫ್ಲಾಸ್ಕಿನಿಂದ ಚಹಾ ಕುಡಿಯುವ ದಿನ. ಹಸಿರು ಒತ್ತುವಾಗ ಫ್ರೇಮ್ ಜಾರಿ ಬಣ್ಣ ಗೆರೆಯ ಆಚೆ ಇಣುಕಿತು. ನನ್ನೊಳಗಿನ ಸಿಸ್ಟರ್ ಎದ್ದು ನಿಂತರು. ಅಕ್ಷತಾ ನನ್ನ ಕೈ ಹಿಡಿದಳು: "ಇರಲಿ ಅಮ್ಮ. ಶುಕ್ರವಾರ ಪಪ್ಪ ಸ್ವಲ್ಪ ಸಡಿಲ ಇರ್ತಾರಲ್ಲ, ಹಾಗೇ."

ಹಾಳೆ ಒಣಗುವವರೆಗೆ ಅಡುಗೆಮನೆಯಲ್ಲಿ ಓಡಾಡುವಂತಿರಲಿಲ್ಲ. ಆ ದಿನ ನಾವು ಖುಬ್ಬೂಸ್ ರೊಟ್ಟಿಯನ್ನು ಮೊಸರಿಗೆ ಅದ್ದಿ ತಿಂದೆವು.

ನಮ್ಮ ಕಡೆಯವರೆಲ್ಲ ಸೇರಿ ವರ್ಷಕ್ಕೊಮ್ಮೆ ಒಂದು ವಸತಿ ಕಾಂಪೌಂಡಿನ ಹಾಲ್‌ನಲ್ಲಿ ಗೆಟ್-ಟುಗೆದರ್ ಮಾಡುತ್ತಿದ್ದರು. ಆ ಸಲದ ಮಕ್ಕಳ ಚಿತ್ರಸ್ಪರ್ಧೆಗೆ ಕೊಟ್ಟ ವಿಷಯ ‘ನನ್ನ ಊರು’. ಮನೆಯಲ್ಲೇ ಮಾಡಿ ತರಬಹುದಿತ್ತು. ಗೋಡೆಯ ತುಂಬ ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ಹೊಳೆ, ಬದಿಗೊಂದು ಬಾಗಿದ ತೆಂಗಿನಮರ. ಬರೆದ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಹೊಳೆಯನ್ನೇ ನೋಡಿದವರಲ್ಲ, ಕ್ಯಾಲೆಂಡರ್ ನೋಡಿದವರು. ಜಡ್ಜ್ ಸುಧಾಕರ ಅಂಕಲ್, ಟೈ ಕಟ್ಟಿಕೊಂಡು, ಎಲ್ಲರ ಎದುರು ಅಕ್ಷತಾಳ ಹಾಳೆಯನ್ನು ಎತ್ತಿ ಹಿಡಿದರು.

"ಇದೆಂತ ಮಗಾ, ಫ್ಲಾಸ್ಕಿನ ಅಡ್ವರ್ಟೈಸ್‌ಮೆಂಟಾ? ಹಸಿರು ಫ್ಲಾಸ್ಕ್ ಎಲ್ಲಿ ಉಂಟು? ಊರೆಲ್ಲಿ? ತೆಂಗಿನಮರ ಎಲ್ಲಿ?"

"ಇದೇ ಅಂಕಲ್ ನನ್ನ ಊರು," ಎಂದಳು ನನ್ನ ಮಗಳು. "ಥುಕ್ಬಾ."

"ಥುಕ್ಬಾ ಯಾರ ಊರು ಮಾರಾಯ್ತಿ! ಕಫೀಲ್ ಎಕ್ಸಿಟ್ ಮೊಹರು ಹೊಡೆದರೆ ನಾಳೆ ನಾವೆಲ್ಲ ಬಾಂಬೆ ಫ್ಲೈಟಿನಲ್ಲಿ!"

ಹಾಲ್‌ಗೆ ಹಾಲೇ ನಕ್ಕಿತು. ನಾನು ಎದ್ದು ನಿಂತು, "ಸುಧಾಕರ್, ವಿಲ್ ಯು ಪ್ಲೀಸ್ ಲುಕ್ ಅಟ್ ಇಟ್ ಒನ್ಸ್?" ಎಂದೆ. "ಮೇಡಂ, ಪ್ರಿಂಟ್ ಹೊಡೆದದ್ದು ಡ್ರಾಯಿಂಗ್ ಆಗ್ತದಾ? ಕೈಯಲ್ಲಿ ಬರೆಯಲಿ," ಎಂದು ಅವರು ಮುಂದಿನ ಹಾಳೆ ಎತ್ತಿದರು. ಇವರು ನನ್ನ ಮೊಣಕೈ ಒತ್ತಿ, "ಬಿಡು ಮಾರಾಯ್ತಿ, ಮಕ್ಕಳ ಕಾಂಪಿಟಿಷನ್," ಎಂದರು. ಅವರ ಎದೆಯನ್ನೇ ಕತ್ತರಿಸಿ ಮಾಡಿದ ಚಿತ್ರ ಅದು, ಅವರೇ ಬಿಡು ಎಂದರು!

ವೀಸಾ ಕೊಟ್ಟು ಕರೆಸಿಕೊಂಡ ಕಫೀಲನ ಒಂದು ಮೊಹರಿನ ಮೇಲೆ ನಮ್ಮ ಬದುಕು ನಿಂತಿತ್ತು, ಒಪ್ಪುತ್ತೇನೆ. ಆದರೆ ಅದು ದೊಡ್ಡವರ ಭಯ. ಅದನ್ನು ಹುಟ್ಟಿದಂದಿನಿಂದ ಅಲ್ಲೇ ಇದ್ದ ಮಗುವಿನ ತಲೆಯ ಮೇಲೆ ನಗುವಾಗಿ ಸುರಿಯಲು ಆ ಹಾಲ್‌ನವರಿಗೆ ಹಕ್ಕು ಕೊಟ್ಟವರು ಯಾರು? ಆ ದೇಶ ಅವಳನ್ನು ತನ್ನವಳೆಂದು ಎಂದೂ ಹೇಳಲಿಲ್ಲ. ಹೇಳಬಹುದಾಗಿದ್ದ ನಾವೂ ಹೇಳಲಿಲ್ಲ. ಹೌ ಡೇರ್ ದೇ, ಎಂದು ಈಗಲೂ ಪಾತ್ರೆ ತೊಳೆಯುತ್ತ ಒಬ್ಬಳೇ ಗೊಣಗುತ್ತೇನೆ.

ಅಂದು ವಾಪಸಾಗುವಾಗ ಮನೆಯ ಹತ್ತಿರದ ಕಸದ ತೊಟ್ಟಿಯ ಬಳಿ ಕಾರು ನಿಲ್ಲಿಸಲು ಹೇಳಿ ಅಕ್ಷತಾ ಇಳಿದಳು. ಹಾಳೆಯನ್ನು ಹರಿಯಲಿಲ್ಲ, ಅಚ್ಚುಕಟ್ಟಾಗಿ ಮಡಿಸಿ ಒಳಗೆ ಹಾಕಿದಳು. ಆಮೇಲೆ ವೈಪರ್ ನೆಲ ಒರೆಸಲು ಮಾತ್ರ ಉಳಿಯಿತು. ಮರುವರ್ಷ ಅವಳು ಎರಡು ಗುಡ್ಡ, ಒಂದು ಸೂರ್ಯ, ಒಂದು ತೆಂಗಿನಮರ ಬರೆದುಕೊಂಡು ಹೋದಳು. ಫಸ್ಟ್ ಪ್ರೈಜ್ ಬಂತು. ಸುಧಾಕರ ಅಂಕಲ್ ಬೆನ್ನು ತಟ್ಟಿದರು. ಆ ಕಪ್ ನನ್ನ ಶೋಕೇಸಿನಲ್ಲಿ ಇನ್ನೂ ಇದೆ. ಪಕ್ಕದ್ದನ್ನೆಲ್ಲ ಒರೆಸುತ್ತೇನೆ, ಅದನ್ನು ಒರೆಸುವುದಿಲ್ಲ.

ಅಕ್ಷತಾ ಈಗ ಮೈಸೂರಿನಲ್ಲಿ ದಂತವೈದ್ಯೆ. ಅವಳ ಕ್ಲಿನಿಕ್ಕಿನ ಗೋಡೆಗಳೆಲ್ಲ ಆಫ್-ವೈಟ್. ಮೊನ್ನೆ ಒಂದು ಕಾಫಿ ಶಾಪಿನಲ್ಲಿ ಒಂದೇ ಕಪ್ಪನ್ನು ನಾಲ್ಕು ಬಣ್ಣದಲ್ಲಿ ಒತ್ತಿದ ಚಿತ್ರ ನೋಡಿ, "ನೋಡೇ" ಎಂದೆ. "ಚೆನ್ನಾಗಿದೆ ಅಮ್ಮ," ಎಂದು ಮೆನು ಕಾರ್ಡಿನ ಕಡೆ ತಿರುಗಿದಳು.

ಇವರು ತೀರಿಕೊಂಡ ಮೇಲೆ ಅವರ ಸೂಟ್‌ಕೇಸಿನ ತಳದಲ್ಲಿ, ಮಡಿಸಿಟ್ಟ ಶರ್ಟುಗಳ ಕೆಳಗೆ, ಆ ಎಕ್ಸ್-ರೇ ಸಿಕ್ಕಿತು. ಬಿಡು ಎಂದವರು ತಾವು ಬಿಟ್ಟಿರಲಿಲ್ಲ. ಅಂಚಿನಲ್ಲಿ ಆ ಶುಕ್ರವಾರದ ಹಸಿರು ಇನ್ನೂ ಅಂಟಿಕೊಂಡಿದೆ. ಈಗ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತಿದ್ದೇನೆ. ಎರಡು ಬದಿಗೆ ಅವರ ಪಕ್ಕೆಲುಬುಗಳು, ನಡುವೆ ಮಗಳು ಕತ್ತರಿಸಿದ ಖಾಲಿ ಜಾಗ. ಆ ಜಾಗದೊಳಗಿಂದ ಕೆಳಗಿನ ಗೇಟು ಕಾಣುತ್ತದೆ. ಅದಕ್ಕೆ ಇವತ್ತು ಬಳಿಯುತ್ತಿರುವುದು ನೀಲಿ. ಫ್ಲಾಸ್ಕ್ ಮೆಲ್ಲನೆ ತುಂಬಿಕೊಳ್ಳುತ್ತಿದೆ, ಅಂಚಿನಿಂದ ಅಂಚಿಗೆ, ಪಪ್ಪ ಹೊರಡುವ ಹೊತ್ತಿನ ಬಣ್ಣದಲ್ಲಿ.