ನೆಲ ಬಡಿಯುವ ಪಾದ

ತಾನೇ ಕೂರಿಸಿದ ಟೈಲ್ಸಿನ ಮೇಲೆ ತಾನೇ ಎಡವಿ ಬಿದ್ದಾಗ ಅವನಿಗೆ ನೋವಿಗಿಂತ ಮೊದಲು ಬಂದದ್ದು ಅನುಮಾನ. ಬಿದ್ದಲ್ಲಿಂದಲೇ ಅಂಗೈಯಲ್ಲಿ ನೆಲ ಸವರಿ ನೋಡಿದ. ಎಲ್ಲೂ ಉಬ್ಬಿರಲಿಲ್ಲ, ತಗ್ಗಿರಲಿಲ್ಲ. ಕೆಲಸದವರೆಲ್ಲ ಅವನನ್ನು ರಸಮಟ್ಟ ಎಂದೇ ಕರೆಯುತ್ತಿದ್ದರು. ಉಳಿದವರು ಗುಳ್ಳೆ ಓಡಾಡುವ ನಿಜವಾದ ರಸಮಟ್ಟದ ಪಟ್ಟಿ ಇಟ್ಟು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರೆ, ಅವನು ಬರಿಗಾಲಲ್ಲಿ ಒಂದು ಸುತ್ತು ನಡೆದು, "ಆ ಮೂಲೇಲಿ ಒಂದು ಎದ್ದಿದೆ, ಬಡೀರಿ" ಎನ್ನುತ್ತಿದ್ದ. ಅವನ ಅನ್ನವೆಲ್ಲ ಆ ಪಾದದಲ್ಲೇ ಇತ್ತು.

"ಭಾವ, ನೆಲ ಸರಿಯಾಗೇ ಇದೆ," ಎಂದ ಜೊತೆಗೆ ಕೆಲಸ ಮಾಡುವ ಹೆಂಡತಿಯ ತಮ್ಮ. "ನಿಮ್ಮ ಬಲಗಾಲೇ ಟಪ್ ಟಪ್ ಅಂತಿದೆ. ನೀವು ಬರೋದು ಹಿಂದಿನ ರೂಮಿಗೇ ಗೊತ್ತಾಗುತ್ತೆ."

"ನಿನ್ನ ಬಾಯಿಗಿಂತ ಕಮ್ಮಿನೇ ಸದ್ದು, ಬಿಡು."

ಹಾಗೆಂದವನೇ ಎದ್ದು ನಾಲ್ಕು ಹೆಜ್ಜೆ ಹಾಕಿ ನೋಡಿದ. ಹಿಮ್ಮಡಿ ಊರಿದ ಮೇಲೆ ಮುಂಗಾಲು ಹೇಳಿದ ಮಾತು ಕೇಳದೆ ದೊಪ್ಪನೆ ಬೀಳುತ್ತಿತ್ತು. ಹೆಬ್ಬೆರಳನ್ನು ಎತ್ತಲು ನೋಡಿದ. ಅದು ಯಾರದೋ ಬೆರಳಿನ ಹಾಗೆ ಸುಮ್ಮನೆ ಬಿದ್ದಿತ್ತು.

ಮನೆಯಲ್ಲಿ ಹೆಂಡತಿ ಎಣ್ಣೆ ಬೆಚ್ಚಗೆ ಮಾಡಿ ಪಾದ ತಿಕ್ಕಿದಳು. ಅಂಗಾಲಿಗೆ ಬಿಸಿ ತಿಳಿಯಿತು. ಪಾದದ ಮೇಲ್ಭಾಗಕ್ಕೆ ತಿಳಿಯಲಿಲ್ಲ. "ಲಕ್ವ ಹೊಡೆದಿರಬಹುದಾ?" ಎಂದು ಅವನು ಕೇಳಿದ. ಅವಳು ಇನ್ನಷ್ಟು ಜೋರಾಗಿ ತಿಕ್ಕಿದಳು. ಅವನು ಎದ್ದು ಬಾಗಿಲವರೆಗೆ ಹೋದ, ಬಂದ, ಮತ್ತೆ ಹೋದ. ಆ ಟಪ್ ಸದ್ದು ಅವಳಿಗೂ ಕೇಳುತ್ತಿತ್ತು.

ಹೆಂಡತಿಯೊಡನೆ ಆಸ್ಪತ್ರೆಗೆ ಹೋದಾಗ ನರದ ಡಾಕ್ಟರಮ್ಮ ಪಾದವನ್ನು ಹೆಚ್ಚು ಹೊತ್ತು ನೋಡಲೇ ಇಲ್ಲ. ಮುಖ, ಕೈ, ಬೆನ್ನು ಎಲ್ಲ ಪರೀಕ್ಷಿಸಿ, "ಕೆಲಸಕ್ಕೆ ಹೇಗೆ ಕೂರ್ತೀರಿ, ತೋರಿಸಿ" ಎಂದರು. ಅವನು ಅಲ್ಲೇ ಕುಕ್ಕರಗಾಲಲ್ಲಿ ಕೂತ. ಕೂತ ಮೇಲೆ ಕೈ ಸುಮ್ಮನಿರಬೇಕಲ್ಲ, ಟೈಲ್ಸಿನ ಸಂದಿ ಸವರಿ, "ಇದನ್ನ ಯಾರೋ ಅವಸರದಲ್ಲಿ ಹಾಕಿದ್ದಾರೆ" ಎಂದ.

"ನೆಲ ಆಮೇಲೆ ನೋಡೋಣ. ಮೊಣಕಾಲ ಕೆಳಗೆ ಈ ಗೆರೆ ಏನು?"

ಅವನು ಚೀಲದಿಂದ ಮೊಣಕಾಲಿನ ಮೆತ್ತೆ ತೆಗೆದ. ಹಳೆ ಟೈರಿನ ಟ್ಯೂಬ್ ಕತ್ತರಿಸಿ, ಒಳಗೆ ಸ್ಪಂಜು ಇಟ್ಟು ಹೊಲಿದದ್ದು. ಬಲಗಾಲಿನದು ಜಾರುತ್ತದೆಂದು ಎಲಾಸ್ಟಿಕ್ಕನ್ನು ಎರಡು ಪದರ ಮಾಡಿ ಬಿಗಿಯಲಾಗಿತ್ತು. ಡಾಕ್ಟರಮ್ಮ ಅವನ ಮೊಣಕಾಲಿನ ಹೊರಮಗ್ಗುಲಲ್ಲಿ, ಮೂಳೆಯ ಗಂಟಿನ ಕೆಳಗೆ ಬೆರಳಿಂದ ತಟ್ಟಿದರು. ಝುಂ ಎಂದು ಕರೆಂಟು ಪಾದದ ಮೇಲ್ಭಾಗಕ್ಕೆ ಓಡಿತು. ಅವನು ಕಾಲು ಹಿಂದಕ್ಕೆ ಎಳೆದುಕೊಂಡ.

"ಪಾದಾನ ಮೇಲೆತ್ತೋ ನರ ಇಲ್ಲೇ ಮೂಳೆ ಸುತ್ತಿ ಹೋಗುತ್ತೆ. ಕಾಪಾಡೋಕೆ ಮಾಂಸ ಇಲ್ಲ, ಬರೀ ಚರ್ಮ. ಹೊರಗಿಂದ ನಿಮ್ಮ ಪಟ್ಟಿ ಹಿಸುಕಿದೆ, ಒಳಗಿಂದ ಕುಕ್ಕರಗಾಲಲ್ಲಿ ಕೂರೋದು ಒತ್ತಿದೆ. ಪಾದ ತಪ್ಪು ಮಾಡಿಲ್ಲ, ಅದಕ್ಕೆ ಅಪ್ಪಣೆಯೇ ತಲುಪ್ತಿಲ್ಲ."

ಸಣ್ಣ ಕರೆಂಟು ಕೊಟ್ಟು ನರದ ಓಟ ಅಳೆದರು. ಸಕ್ಕರೆ ಕಾಯಿಲೆಯೂ ನರ ಕೆಡಿಸುತ್ತದೆಂದು ರಕ್ತ ನೋಡಿಸಿದರು, ಅದು ಇರಲಿಲ್ಲ. ಮೊಣಕಾಲಿನ ಹತ್ತಿರ ಸಂದೇಶ ನಿಧಾನವಾಗುತ್ತಿತ್ತು, ಪೂರ್ತಿ ನಿಂತಿರಲಿಲ್ಲ. "ನರ ನಜ್ಜಿದೆ, ಸತ್ತಿಲ್ಲ. ಒತ್ತಡ ತೆಗೆದ್ರೆ ಬಹಳ ಮಟ್ಟಿಗೆ ವಾಪಸ್ ಬರುತ್ತೆ. ಕೆಲವು ತಿಂಗಳು ಬೇಕು. ಏನೂ ಬದಲಾಗಲಿಲ್ಲ ಅಂದ್ರೆ ಆಪರೇಷನ್ ಬಗ್ಗೆ ಯೋಚಿಸೋಣ."

"ಅಲ್ಲಿವರೆಗೆ?"

"ಕುಕ್ಕರಗಾಲು ಬೇಡ, ಚಕ್ಕಳಮಕ್ಕಳ ಬೇಡ, ಕಾಲ ಮೇಲೆ ಕಾಲು ಹಾಕೋದೂ ಬೇಡ. ಪಾದ ಎತ್ತಿ ಹಿಡಿಯೋ ಈ ಆಸರೆ ಹಾಕ್ಕೊಂಡೇ ನಡೀರಿ. ಟವೆಲ್ಲಿಂದ ಪಾದ ಎಳೆದು ವ್ಯಾಯಾಮ ಮಾಡಿ. ದಿನಾ ಪಾದ ನೋಡ್ಕೊಳ್ಳಿ, ಮೇಲ್ಗಡೆ ಗಾಯ ಆದ್ರೂ ತಿಳಿಯಲ್ಲ."

ಇಬ್ಬರೂ ಹೊರಗೆ ಬಂದ ಮೇಲೂ ಹೆಂಡತಿ ಮೆತ್ತೆಯನ್ನು ಕೈಯಲ್ಲೇ ಹಿಡಿದು ನಿಂತಿದ್ದಳು. ಎಲಾಸ್ಟಿಕ್ಕು ಎರಡು ಪದರ ಮಾಡಿ ಹೊಲಿದವಳು ಅವಳೇ.

"ಜಾರುತ್ತೆ ಅಂದ್ರಲ್ಲಾ, ಅದಕ್ಕೇ ಬಿಗಿ ಮಾಡಿದ್ದೆ," ಎಂದಳು.

"ಇನ್ನೂ ಬಿಗಿ ಮಾಡು ಅಂತ ಬೆನ್ನು ಹತ್ತಿದ್ದು ನಾನಲ್ವಾ."

ಅವಳ ಮುಖ ಸಡಿಲವಾಗಲಿಲ್ಲ. ಮನೆಗೆ ಹೋದವಳೇ ಬ್ಲೇಡಿನಿಂದ ಹೊಲಿಗೆ ಬಿಚ್ಚಿ ಎಲಾಸ್ಟಿಕ್ಕನ್ನು ಒಲೆಗೆ ಹಾಕಿದಳು. ಇಡೀ ಮನೆ ನಾತ ಹೊಡೆಯಿತು.

ಕಾಯುವುದು ಅವನಿಗೆ ಬಾರದ ಕೆಲಸ. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಕುರ್ಚಿಯಲ್ಲಿ ಕೂತರೆ ತನಗೇ ತಿಳಿಯದಂತೆ ಕಾಲ ಮೇಲೆ ಕಾಲು ಏರುತ್ತಿತ್ತು. ಹೆಂಡತಿ ಅಡುಗೆಮನೆಯಿಂದಲೇ "ರೀ, ಕಾಲು" ಎನ್ನುತ್ತಿದ್ದಳು. ಇಷ್ಟು ದಿನ ನೆಲ ನೋಡುತ್ತಿದ್ದವನು ಈಗ ಹೆಬ್ಬೆರಳನ್ನೇ ನೋಡುತ್ತ ಕೂರುತ್ತಿದ್ದ. ಅದು ಬಡಪೆಟ್ಟಿಗೆ ಬಗ್ಗಲಿಲ್ಲ.

ಕಡೆಗೆ ತಡೆಯಲಾರದೆ ಕೆಲಸ ನಡೆಯುತ್ತಿದ್ದ ಮನೆಗೆ ಹೋದ. ನಡುಮನೆಯ ನೆಲ ಅರ್ಧ ಮುಗಿದಿತ್ತು. ಆಸರೆ ಬಿಚ್ಚಿಟ್ಟು ಬರಿಗಾಲಲ್ಲಿ ಗೋಡೆ ಹಿಡಿದು ನಡೆದ. ಕಿಟಕಿಯ ಹತ್ತಿರ ಹೊಸ ಟೈಲ್ಸಿನ ಅಂಚು ಅಂಗಾಲಿಗೆ ತಾಕಿತು. ಅಂಗಾಲು ಇನ್ನೂ ತನ್ನದೇ! ಸಿಮೆಂಟು ಹಸಿಯಿರುವಾಗಲೇ ಸರಿಮಾಡಬೇಕು. ಅವನು ಕುಕ್ಕರಗಾಲಿಗೆ ಇಳಿಯತೊಡಗಿದ. ಮೊಣಕಾಲು ಮಡಚುತ್ತಿದ್ದಂತೆ ಹೊರಮಗ್ಗುಲಲ್ಲಿ ಅದೇ ಝುಂ. ಅರ್ಧದಲ್ಲೇ ನಿಂತ. ಟೈಲ್ಸು ಕೆಳಗೆ ಕೈಗೆಟಕುವಷ್ಟರಲ್ಲೇ ಇತ್ತು.

"ಆ ಬಕೆಟ್ ಇಲ್ಲಿ ತಳ್ಳು," ಎಂದ ಭಾವಮೈದನಿಗೆ. ಬಕೆಟ್ಟು ಬೋರಲು ಹಾಕಿ, ಬಲಗಾಲು ಉದ್ದಕ್ಕೆ ಚಾಚಿ ಕೂತು, ಬಗ್ಗಿ ಬಗ್ಗಿ ಬಡಿದ. ಸೊಂಟ ಹಿಡಿಯಿತು.

"ಮದುಮಗ ಕೂತಂಗಿದೆ, ಭಾವ."

"ಮೊದಲು ಸಿಮೆಂಟು ಕಲಸಿಕೊಡು. ಆಮೇಲೆ ಆರತಿ ಎತ್ತು."

ಅಂದಿನಿಂದ ಬಕೆಟ್ಟಿನ ಮೇಲೆ ದಿಂಬಿಟ್ಟು ದಿನಾ ಸ್ವಲ್ಪ ಹೊತ್ತು ಕೆಲಸ ಮಾಡಿದ. ಮೊದಲಿನ ವೇಗವಿರಲಿಲ್ಲ, ಒಳಗೊಳಗೇ ಕುದಿಯುತ್ತಿದ್ದ. ಪಾದದ ಮೇಲೆ ಇರುವೆ ಹರಿದಂತೆ ಜುಮುಜುಮು ಶುರುವಾಯಿತು. ಅದು ಒಳ್ಳೆಯದೋ ಕೆಟ್ಟದ್ದೋ ತಿಳಿಯದೆ ಮತ್ತಷ್ಟು ತಳಮಳಿಸಿದ.

ಒಂದು ಸಂಜೆ ಕೈಕಾಲು ತೊಳೆದು ಆಸರೆಯಿಲ್ಲದೆ ಹಜಾರ ದಾಟುತ್ತಿದ್ದ. ಹೆಂಡತಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು.

"ಇನ್ನೊಂದ್ಸಲ ನಡೀರಿ."

ನಡೆದ. ಟಪ್ ಅನ್ನುವ ಕಡೆ ಈಗ ಸರ್ರೆನ್ನುವ ಸಣ್ಣದೊಂದು ಸದ್ದಿತ್ತು. ಅವನು ಅಲ್ಲೇ ಸ್ಟೂಲಿನ ಮೇಲೆ ಕೂತು ಹೆಬ್ಬೆರಳನ್ನು ದಿಟ್ಟಿಸಿದ. ಉಗುರಿನ ತುದಿ ಒಂದಿಷ್ಟು ಎದ್ದು, ನಡುಗಿ, ಕೆಳಗೆ ಬಿತ್ತು.

"ಕಂಡೆಯಾ?"

"ಕಂಡೆ," ಎಂದಳು ಅವಳು. ಸೋಪಿನ ಕೈಯಲ್ಲೇ ಬಗ್ಗಿ ಅವನ ಮೊಣಕಾಲಿನ ಕೆಳಗಿನ ಗೆರೆಯನ್ನು ಮುಟ್ಟಿ ನೋಡಿದಳು. ಅದು ಹೆಚ್ಚುಕಮ್ಮಿ ಮಾಸಿತ್ತು. "ಈಗ ಕಾಲು ಸುಮ್ಮನೆ ಬಿಡಿ."

ಅವನು ಬಿಡಲಿಲ್ಲ. ಮತ್ತೆ ಹೆಬ್ಬೆರಳು ಎತ್ತಿದ.